ಮಗ್ಗದ ಮುಂದೆ ಅರ್ಧ ದಿನ: ಗುಳೇದಗುಡ್ಡ, ಇಳಕಲ್, ಕಿನ್ನಾಳಕ್ಕೆ ಹೋಗುವವರಿಗೆ

ಬಾದಾಮಿಗೆ ಹೋದವರು ಗುಹೆ, ಐಹೊಳೆ, ಪಟ್ಟದಕಲ್ಲು ನೋಡಿಕೊಂಡು ಬರುತ್ತಾರೆ. ನಾವೂ ಎರಡು ಸಲ ಹಾಗೇ ಬಂದಿದ್ದೆವು. ಮೂರನೇ ಸಲ ಹೋಗಿದ್ದು ಅಮ್ಮನ ಆಸೆಗಾಗಿ.

ಅಮ್ಮನ ತವರು ಧಾರವಾಡ. ಅವಳ ಪೆಟ್ಟಿಗೆಯಲ್ಲಿ ಅಜ್ಜಿಯ ಒಂದು ಚಂದ್ರಕಾಳಿ ಇದೆ. ಕಪ್ಪು ಇಳಕಲ್ ಸೀರೆ, ಕೆಂಪು ಸೆರಗು, ಮೈತುಂಬ ಅಜ್ಜಿಯೇ ಹಾಕಿದ ಕಸೂತಿ. ಮಡಿಕೆಯ ಹತ್ತಿರ ಅದು ಹರಿಯುತ್ತಾ ಬಂದಿದೆ. "ಇನ್ನೊಂದು ತಗೊಳ್ಳೋದು ಆಮೇಲೆ. ಮೊದಲು ಇದನ್ನ ನೇಯೋವ್ರನ್ನ ನೋಡಬೇಕು" ಅಂದಳು. ಹಾಗಾಗಿ ಡಿಸೆಂಬರ್‌ನಲ್ಲಿ ನಾಲ್ಕು ದಿನ ತೆಗೆದಿಟ್ಟು ಬಾದಾಮಿ, ಗುಳೇದಗುಡ್ಡ, ಇಳಕಲ್, ಕೊಪ್ಪಳದ ಹತ್ತಿರದ ಮರದ ಗೊಂಬೆಗಳ ಊರು ಕಿನ್ನಾಳ ಅಂತ ದಾರಿ ಹಾಕಿಕೊಂಡೆವು. ಈ ದಾರಿಯಲ್ಲಿ ಹೋಗಬೇಕು ಅಂದುಕೊಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹತ್ತು ಮನೆ ಸುತ್ತಬೇಡಿ. ಒಂದೂರಿನಲ್ಲಿ ಒಂದೇ ಮನೆ ಆರಿಸಿಕೊಂಡು ಅಲ್ಲೇ ಅರ್ಧ ದಿನ ಕೂತುಬಿಡಿ. ನೇಯುವವರು, ಕಸೂತಿ ಹಾಕುವವರು, ಬಣ್ಣ ಬಳಿಯುವವರು ಎಲ್ಲರಿಗೂ ಕೈ ಓಡುವ ಹೊತ್ತು ಬೇರೆ, ಕೈ ನಿಲ್ಲುವ ಹೊತ್ತು ಬೇರೆ. ಕೈ ನಿಂತಾಗಲೇ ಮಾತು. ಇದು ಗೊತ್ತಾಗಲು ನಮಗೆ ಎರಡು ದಿನ ಬೇಕಾಯಿತು.

ಬೆಂಗಳೂರಿನಿಂದ ಗೋಲಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಮಲಗಿದರೆ ಬೆಳಗ್ಗೆ ಬಾದಾಮಿ. ಸ್ಟೇಷನ್ನು ಊರಿಂದ ಸ್ವಲ್ಪ ದೂರ, ಆಟೋ ಸಿಗುತ್ತದೆ. ಮೊದಲ ದಿನ ಅಲ್ಲೇ ಉಳಿದುಕೊಳ್ಳಿ. ಮೂರನೇ ಗುಹೆಯಲ್ಲಿ 578ರ ಶಾಸನವಿದೆ, ಚಾಲುಕ್ಯ ದೊರೆ ಕೀರ್ತಿವರ್ಮನ ಕಾಲದಲ್ಲಿ ಅವನ ತಮ್ಮ ಮಂಗಳೇಶ ಹಾಕಿಸಿದ್ದು. ಅದೇ ಗುಹೆಯ ಛಾವಣಿಯ ಅಂಚಿನಲ್ಲಿ ಹಳೆಯ ಬಣ್ಣದ ಚಿತ್ರಗಳು ಅಳಿದುಳಿದಿವೆ. ತಲೆ ಎತ್ತಿ ನೋಡದಿದ್ದರೆ ಕಾಣುವುದೇ ಇಲ್ಲ. ಸಂಜೆ ಬನಶಂಕರಿಗೆ ಹೋಗಿ ಬಂದೆವು. ಬನಶಂಕರಿ ಅಂದರೆ ದೇವಾಂಗ ನೇಕಾರರ ಕುಲದೇವತೆ. ಮರುದಿನ ನೋಡಲಿದ್ದ ಮಗ್ಗಗಳಿಗೆ ಇಲ್ಲಿಂದಲೇ ಶುರುವಾದರೆ ಚೆಂದ ಅಂತ ಅಮ್ಮನ ಲೆಕ್ಕ. ಜನವರಿಯಲ್ಲಿ ಬನದ ಹುಣ್ಣಿಮೆಗೆ ಇಲ್ಲಿ ದೊಡ್ಡ ಜಾತ್ರೆ ಆಗುತ್ತದೆ. ಜಾತ್ರೆ ನೋಡಬೇಕೆಂದರೆ ಆಗ ಬನ್ನಿ, ಆದರೆ ರೂಮು ತುಂಬಾ ಮೊದಲೇ ಹಿಡಿಯಿರಿ. ಮಗ್ಗ ನೋಡಬೇಕೆಂದರೆ ಆ ವಾರ ಬೇಡ.

ಗುಳೇದಗುಡ್ಡ ಬಾದಾಮಿಯಿಂದ ಒಂದು ತಾಸಿನೊಳಗೆ, ಸರ್ಕಾರಿ ಬಸ್ ಇದೆ. ಇಲ್ಲಿಯದು ಖಣ. ಉತ್ತರ ಕರ್ನಾಟಕದವರಿಗೆ ಖಣ ಅಂದರೆ ಬೇರೆ ಹೇಳಬೇಕಿಲ್ಲ, ಉಡಿ ತುಂಬುವಾಗ ಅಕ್ಕಿ, ಕಾಯಿ ಜೊತೆ ಇಡುವ ಕುಪ್ಪಸದ ಬಟ್ಟೆ. ಮಹಾರಾಷ್ಟ್ರದಲ್ಲೂ ಇದಕ್ಕೆ ಬೇಡಿಕೆ ಇದೆ. ಈಗ ಅದೇ ಬಟ್ಟೆಯಲ್ಲಿ ಸೀರೆ, ಚೀಲ, ಮಕ್ಕಳ ಲಂಗ ಎಲ್ಲಾ ಬರುತ್ತಿವೆ. ತೇರು, ಆನೆ ಹೆಜ್ಜೆ ಅಂತ ಒಂದೊಂದು ನಮೂನೆಗೂ ಒಂದೊಂದು ಹೆಸರು. ಚಿತ್ರವನ್ನು ಆಮೇಲೆ ಅಚ್ಚು ಹಾಕುವುದಿಲ್ಲ, ನೇಯುವಾಗಲೇ ಎತ್ತುತ್ತಾರೆ. ಹಾಸಿನಲ್ಲಿ, ಅಂದರೆ ಮಗ್ಗದ ಉದ್ದಕ್ಕೂ ಎಳೆದು ಕಟ್ಟಿದ ನೂಲಿನಲ್ಲಿ, ಅದಕ್ಕೆಂದೇ ಹೆಚ್ಚಿನ ಎಳೆಗಳಿರುತ್ತವೆ. ಬಟ್ಟೆಯನ್ನು ತಿರುಗಿಸಿ ಹಿಂಭಾಗ ನೋಡಿದರೆ ಆ ಎಳೆಗಳು ತೇಲಿಕೊಂಡಿರುವುದು ಕಾಣುತ್ತದೆ.

ಇಲ್ಲಿ ನಾವು ತಪ್ಪು ಮಾಡಿದೆವು. ಬೆಳಗ್ಗೆ ಹತ್ತರಿಂದ ಒಂದರ ತನಕ ಆರು ಮನೆ ಹೊಕ್ಕೆವು. ಎಲ್ಲರೂ "ಬರ್ರಿ, ಕೂಡ್ರಿ" ಅಂದರು, ಎಲ್ಲರೂ ಚಹಾ ಕೊಟ್ಟರು. ಆದರೆ ನಾವು ಹೋದಲ್ಲೆಲ್ಲ ಮಗ್ಗ ನಿಂತಿತು. ಆರನೇ ಮನೆಯ ಅಕ್ಕ ನಗುತ್ತಲೇ, "ನೀವು ಬಂದ್ರ ಸಂತೋಷ ಐತ್ರಿ, ಆದ್ರ ಇವತ್ತ ಒಂದು ಖಣ ಕಡಿಮಿ ಆತು" ಅಂದರು. ಅವರಿಗೆ ಕೂಲಿ ಬರುವುದು ನೇಯ್ದಷ್ಟಕ್ಕೆ. ನೂಲು ಸಾಹುಕಾರರದು, ನೇಯ್ದು ಕೊಟ್ಟಷ್ಟಕ್ಕೆ ಮಜೂರಿ. ನಾವು ಕೆಡಿಸಿದ ಅರ್ಧ ತಾಸು ಅವರ ದುಡಿಮೆಯಿಂದಲೇ ಹೋಗುತ್ತದೆ. ಅವತ್ತು ಆ ಮನೆಯಲ್ಲಿ ನಾಲ್ಕು ಖಣ ತೆಗೆದುಕೊಂಡೆವು, ಚೌಕಾಸಿ ಮಾಡಲಿಲ್ಲ. ನೀವೂ ಮಾಡಬೇಡಿ.

ಇಳಕಲ್‌ಗೆ ಹೋಗುವ ದಾರಿಯಲ್ಲಿ ಅಮೀನಗಡ ಸಿಗುತ್ತದೆ. ಕರದಂಟು ತಗೊಳ್ಳಿ. ಅಂಟು ಕರಿದು, ಬೆಲ್ಲ, ಒಣಹಣ್ಣು ಹಾಕಿ ಮಾಡಿದ್ದು. ನೇಕಾರರ ಮನೆಗೆ ಬರಿಗೈಯಲ್ಲಿ ಹೋಗುವುದಕ್ಕಿಂತ ಒಂದು ಪೊಟ್ಟಣ ಹಿಡಿದು ಹೋಗುವುದು ಮೇಲು. ಬಸ್ಸು ಹುನಗುಂದದಲ್ಲಿ ಬದಲಿಸಬೇಕಾಗಬಹುದು. ಇಳಕಲ್‌ನಲ್ಲಿ ಸಾಧಾರಣ ಲಾಡ್ಜ್‌ಗಳಿವೆ, ರಾತ್ರಿ ಅಲ್ಲೇ ಉಳಿಯಿರಿ. ಯಾಕೆಂದರೆ ನೋಡಬೇಕಾದದ್ದು ಬೆಳಗಿನ ಕೆಲಸ.

ಪರಿಚಯದವರೊಬ್ಬರು ಒಂದು ಮನೆಗೆ ಹೇಳಿಟ್ಟಿದ್ದರು. ಹಿಂದಿನ ದಿನ ಸಂಜೆಯೇ ಹೋಗಿ, "ನಾಳೆ ಬಂದು ಸುಮ್ನೆ ಕೂತುಕೊಳ್ಳಬಹುದಾ ಕಾಕಾ?" ಅಂತ ಕೇಳಿಕೊಂಡು ಬಂದೆವು. ಮರುದಿನ ಏಳಕ್ಕೆ ಹೋಗುವಷ್ಟರಲ್ಲಿ ಅವರು ಆಗಲೇ ಕುಣಿ ಮಗ್ಗದಲ್ಲಿ ಇಳಿದಿದ್ದರು. ನೆಲದಲ್ಲಿ ಕುಣಿ ತೋಡಿ, ಕಾಲು ಅದರೊಳಗೆ ಬಿಟ್ಟು ಕೂರುವ ಮಗ್ಗ. ಹಾಸು ನೆಲಕ್ಕೆ ಹತ್ತಿರ ಇರುವುದರಿಂದ ಮಣ್ಣಿನ ತಂಪು ನೂಲಿಗೆ ತಾಗುತ್ತದೆ, ಎಳೆ ಅಷ್ಟು ಬೇಗ ಹರಿಯುವುದಿಲ್ಲ. ಆ ಕೋಣೆಗೆ ಫ್ಯಾನ್ ಇತ್ತು, ಆದರೆ ಹಾಕಿರಲಿಲ್ಲ.

ಕಾಕಾ ನೇಯುತ್ತಾರೆ. ಅವರ ತಾಯಿ ಬಾಗಿಲ ಹತ್ತಿರ ರಾಟಿ ಇಟ್ಟುಕೊಂಡು ಕಂಡಿಕೆ, ಅಂದರೆ ಲಾಳಿಯೊಳಗೆ ಕೂರುವ ನೂಲಿನ ಉರುಳೆ, ಸುತ್ತುತ್ತಾರೆ. ಹೆಂಡತಿ ರೊಟ್ಟಿ ಬಡಿದು, ಮಗಳನ್ನು ಶಾಲೆಗೆ ಕಳಿಸಿ, ಆಮೇಲೆ ಮಗ್ಗಕ್ಕೆ ಬರುತ್ತಾರೆ. ಲಾಳಿ ಓಡುವಾಗ ಯಾರೂ ಮಾತಾಡುವುದಿಲ್ಲ. ದಡಿಯ ಎಣಿಕೆ ತಪ್ಪುತ್ತದೆ. ಲಾಳಿಯೊಳಗಿನ ಕಂಡಿಕೆ ಮುಗಿದು ಹೊಸದು ಹಾಕುವಾಗ ಅರ್ಧ ನಿಮಿಷ ಸಿಗುತ್ತದೆ. ನಮ್ಮ ಪ್ರಶ್ನೆಗಳಿಗೆಲ್ಲ ಉತ್ತರ ಬಂದಿದ್ದು ಆ ಅರ್ಧರ್ಧ ನಿಮಿಷಗಳಲ್ಲೇ. ಅಮ್ಮ ಇದನ್ನು ನನಗಿಂತ ಮೊದಲು ಹಿಡಿದಳು. ಅವಳು ಹೋಗಿ ಕಾಕಾನ ತಾಯಿಯ ಪಕ್ಕ ಕೂತು ಕಂಡಿಕೆ ಎತ್ತಿಕೊಡಲು ಶುರುಮಾಡಿದಳು. ಒಂದು ತಾಸಾದ ಮೇಲೆ ಅವರಿಬ್ಬರ ಮಧ್ಯೆ ಧಾರವಾಡದ ಸುದ್ದಿಯೆಲ್ಲ ಬಂದಾಗಿತ್ತು.

ನಮ್ಮ ಅದೃಷ್ಟಕ್ಕೆ ಅವತ್ತು ಮಗ್ಗಕ್ಕೆ ಹೊಸ ಸೀರೆ ಹಾಕುವ ದಿನ. ಇಳಕಲ್ ಸೀರೆಯ ಜೀವ ಇರುವುದೇ ಇಲ್ಲಿ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿ ಇರಬಹುದು, ಸೆರಗು ಕೆಂಪು ರೇಷ್ಮೆ. ಇವೆರಡನ್ನೂ ಎಳೆಗೆ ಎಳೆ ಕೂಡಿಸಬೇಕು. ಒಡಲಿನ ಎಳೆಯ ಕುಣಿಕೆಯೊಳಗೆ ಸೆರಗಿನ ಎಳೆಯ ಕುಣಿಕೆ ತೂರಿಸಿ ಎಳೆಯುತ್ತಾರೆ. ಎರಡು ಬೆರಳು ಒಂದಕ್ಕೊಂದು ಕೊಕ್ಕೆ ಹಾಕಿಕೊಂಡ ಹಾಗೆ. ಇದಕ್ಕೆ ಕೊಂಡಿ ಅನ್ನುತ್ತಾರೆ. ಸಾವಿರಾರು ಎಳೆ. ಗಂಡ ಹೆಂಡತಿ ಎದುರುಬದುರು ಕೂತು, ಒಬ್ಬರು ಎಳೆ ಬಿಡಿಸಿ ಕೊಡುತ್ತಾ, ಇನ್ನೊಬ್ಬರು ಕೊಂಡಿ ಹಾಕುತ್ತಾ ಮಧ್ಯಾಹ್ನ ಊಟದ ಹೊತ್ತಿನ ತನಕ ತಲೆ ಎತ್ತಲಿಲ್ಲ. ಸೆರಗಿನಲ್ಲಿ ಕೆಂಪು ಬಿಳಿ ಪಟ್ಟಿ ಬಂದು, ಅಂಚಿಗೆ ಜೋಳದ ತೆನೆಯಂತೆ ಚೂಪಾಗಿ ಏಳುವುದಕ್ಕೆ ತೋಪು ತೆನಿ ಅನ್ನುತ್ತಾರೆ. ಬಾಚಣಿಕೆಯ ಹಲ್ಲಿನಂತೆ ಬಂದರೆ ಹಣಿಗಿ. ಕೋಟೆಯ ತೆನೆಯಂತೆ ಬರುವ ಸೆರಗೂ ಇದೆ. ದಡಿಗೂ ಹೆಸರುಗಳಿವೆ: ಗೋಮಿ, ಗಾಡಿ, ಚಿಕ್ಕಿ ಪರಾಸ.

ಕೊಂಡಿ ನೋಡಿದ ಮೇಲೆ ನನಗೊಂದು ಹಳೆಯ ವಿಷಯ ನೆನಪಾಗಿ ಬೇಜಾರಾಯಿತು. ಎರಡು ವರ್ಷದ ಹಿಂದೆ ಬೆಂಗಳೂರಿನ ಒಂದು ಅಂಗಡಿಯಲ್ಲಿ "ಅಪ್ಪಟ ಕೈಮಗ್ಗ" ಅಂದಿದ್ದನ್ನು ನಂಬಿ ಅಮ್ಮನಿಗೆ ಒಂದು ಇಳಕಲ್ ತಂದಿದ್ದೆ. ಅದರಲ್ಲಿ ಕೊಂಡಿಯೇ ಇರಲಿಲ್ಲ. ಹಾಗಾಗಿ ಕೊಳ್ಳುವವರು ಒಂದು ಕೆಲಸ ಮಾಡಿ. ಒಡಲು ಮುಗಿದು ಸೆರಗು ಶುರುವಾಗುವ ಜಾಗವನ್ನು ಬೆಳಕಿಗೆ ಹಿಡಿಯಿರಿ. ಉದ್ದದ ಎಳೆಗಳೇ ಆ ಗೆರೆಯಲ್ಲಿ ಬಣ್ಣ ಬದಲಿಸಬೇಕು, ಸಣ್ಣಗೆ ಗಂಟಿನ ಸಾಲಿನಂತೆ ಬೆರಳಿಗೆ ತಾಗಬೇಕು. ಪವರ್‌ಲೂಮ್ ಸೀರೆಯೂ ಚೆನ್ನಾಗಿರುತ್ತದೆ, ದಿನಾ ಉಡಲು ಹಗುರ, ಬೆಲೆ ಕಡಿಮೆ. ಆದರೆ ಅದನ್ನು ಅದರ ಹೆಸರಲ್ಲೇ, ಅದರ ಬೆಲೆಗೇ ಮಾರಬೇಕು. ಕೈಮಗ್ಗದ ಹೆಸರಲ್ಲಿ ಅದು ಹೋದರೆ ನಾಲ್ಕು ತಾಸು ಕೂತು ಕೊಂಡಿ ಹಾಕಿದವರ ಅನ್ನಕ್ಕೇ ಕಲ್ಲು ಬೀಳುತ್ತದೆ. ರೇಷ್ಮೆ ಅಂದರೆ ಯಾವ ರೇಷ್ಮೆ ಅಂತಲೂ ಬಾಯಿಬಿಟ್ಟು ಕೇಳಿ. ಆರ್ಟ್ ಸಿಲ್ಕ್, ಅಂದರೆ ಕೃತಕ ರೇಷ್ಮೆ, ಸೆರಗಿನ ಸೀರೆಗಳೇ ಜಾಸ್ತಿ, ನೇಕಾರರು ಅದನ್ನು ಮುಚ್ಚಿಡುವುದಿಲ್ಲ.

ಫೋಟೊ ಬಗ್ಗೆಯೂ ಒಂದು ಮಾತು. ಕೇಳಿ ತೆಗೆಯಿರಿ. ಮಗ್ಗದ ಮೇಲಿರುವ ಹೊಸ ನಮೂನೆ ಮಾತ್ರ ತೆಗೆಯಬೇಡಿ, ತೆಗೆದರೂ ಎಲ್ಲೂ ಹಾಕಬೇಡಿ. ಮಾರುಕಟ್ಟೆಗೆ ಬರುವ ಮೊದಲೇ ನಕಲು ಆಗುತ್ತದೆ ಅನ್ನುವುದು ಅವರ ಭಯ. ಹೋಗುವ ಮುಂಚೆ ಕ್ಯಾಲೆಂಡರ್ ನೋಡಿಕೊಳ್ಳಿ. ನಾವು ಹೋದ ಮನೆಯಲ್ಲಿ ಅಮಾವಾಸ್ಯೆಗೆ ಮಗ್ಗಕ್ಕೆ ಪೂಜೆ, ಕೆಲಸ ಇಲ್ಲ.

ಕಸೂತಿ ಹಾಕುವ ಒಬ್ಬರು ಅಕ್ಕನನ್ನೂ ಅವತ್ತು ಸಂಜೆ ಕಂಡೆವು. ಕಸೂತಿಗೆ ಹೆಸರಾದದ್ದು ಧಾರವಾಡ. ಆ ಕಡೆಯಿಂದ ಬರುವವರು ಅಲ್ಲೇ ಒಂದು ದಿನ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಗವಂತಿ, ಮುರಗಿ, ನೇಗಿ, ಮೆಂತ್ಯ, ಹೀಗೆ ನಾಲ್ಕೇ ಹೊಲಿಗೆ. ಬಟ್ಟೆಯ ಮೇಲೆ ಗೆರೆ ಎಳೆಯುವುದಿಲ್ಲ, ಗಂಟು ಹಾಕುವುದಿಲ್ಲ. ಎಳೆ ಎಣಿಸುತ್ತಾ ಹೋಗುವುದು ಅಷ್ಟೇ. ಗವಂತಿಯಲ್ಲಿ ಸೂಜಿ ಒಂದು ಸಲ ಬಿಟ್ಟುಬಿಟ್ಟು ಹೋಗಿ, ಬಿಟ್ಟ ಜಾಗವನ್ನು ವಾಪಸ್ ಬರುವಾಗ ತುಂಬುತ್ತದೆ. ಎರಡೂ ಬದಿ ಒಂದೇ ಥರ ಕಾಣುತ್ತದೆ. ಅಮ್ಮ ಅಜ್ಜಿಯ ಚಂದ್ರಕಾಳಿಯನ್ನು ಚೀಲದಲ್ಲೇ ತಂದಿದ್ದಳು. ಆ ಅಕ್ಕ ಅದನ್ನು ತೊಡೆಯ ಮೇಲೆ ಹರಡಿ, ಗೋಪುರ, ತೇರು, ತುಳಸಿ ವೃಂದಾವನ ಅಂತ ಒಂದೊಂದರ ಮೇಲೂ ಬೆರಳು ಓಡಿಸಿದರು. ತೇರಿನ ಹತ್ತಿರ ನಿಂತು, "ಇಲ್ಲಿ ಒಂದು ಎಳಿ ತಪ್ಪಿ ಎಣಿಸ್ಯಾರ ನೋಡ್ರಿ" ಅಂದರು. ಅಮ್ಮನ ಕಣ್ಣಲ್ಲಿ ನೀರು ಬಂತು. ಐವತ್ತು ವರ್ಷ ಆ ಸೀರೆ ಕಂಡವಳಿಗೆ ತನ್ನ ತಾಯಿಯ ಕೈ ತಪ್ಪಿದ ಜಾಗ ಅವತ್ತೇ ಕಂಡಿದ್ದು. ಹಾಗಾಗಿ ಮನೆಯಲ್ಲಿ ಹಳೆಯ ಸೀರೆ, ಹಳೆಯ ಖಣ ಇದ್ದರೆ ತಪ್ಪದೆ ಜೊತೆಗೆ ಒಯ್ಯಿರಿ. ನಮ್ಮ ಯಾವ ಪ್ರಶ್ನೆಗೂ ಸಿಗದ ಮಾತು ಅದನ್ನು ಬಿಚ್ಚಿದಾಗ ಸಿಗುತ್ತದೆ.

ನಾಲ್ಕನೇ ದಿನ ಇಳಕಲ್‌ನಿಂದ ಕುಷ್ಟಗಿ ಮೇಲೆ ಕೊಪ್ಪಳ. ಅಲ್ಲಿಂದ ಕಿನ್ನಾಳ ಹತ್ತಿರ, ಆಟೋದಲ್ಲೂ ಹೋಗಬಹುದು. ಇಲ್ಲಿನ ಚಿತ್ರಗಾರರು ಮರದ ಗೊಂಬೆ, ಗರುಡ, ಊರ ದೇವತೆಯ ಮೂರ್ತಿ ಮಾಡುತ್ತಾರೆ. ಹಂಪಿಯ ವಿರೂಪಾಕ್ಷ ಗುಡಿಯ ಛಾವಣಿಯ ಚಿತ್ರ ಬರೆದವರು ತಮ್ಮ ಹಿರಿಯರು ಅನ್ನುವ ಮಾತು ಅವರಲ್ಲಿದೆ.

ಮರ ಹಗುರವಾದ ಪೊಳಕಿ. ಕೈ, ಕಾಲು, ತಲೆ ಬೇರೆ ಬೇರೆ ಕೆತ್ತಿ ಹುಣಸೆ ಬೀಜದ ಅಂಟಿನಿಂದ ಕೂಡಿಸುತ್ತಾರೆ. ಗೋಣಿನಾರನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಅದೇ ಅಂಟಿನ ಜೊತೆ ಕಲೆಸಿದರೆ ಕಿಟ್ಟ. ಅದನ್ನು ಮೈಗೆಲ್ಲ ಮೆತ್ತಿ, ಮೇಲೆ ಹತ್ತಿಯ ತುಂಡು ಅಂಟಿಸಿ, ಅದರ ಮೇಲೆ ಕಲ್ಲಿನ ಪುಡಿಯ ಲೇಪ. ಒಡವೆಗಳು ಉಬ್ಬಿ ಕಾಣುವಂತೆ ಅದೇ ಪುಡಿಗೆ ಗೋಂದು ಸೇರಿಸಿ ಎಳೆಯುತ್ತಾರೆ. ಬಣ್ಣ ಕೊನೆಗೆ. ಒಂದೊಂದು ಲೇಪವೂ ಒಣಗಬೇಕು, ಅದಕ್ಕೇ ಮಳೆಗಾಲದಲ್ಲಿ ಹೋದರೆ ನೋಡಲು ಕಡಿಮೆ ಸಿಗುತ್ತದೆ.

ಇಲ್ಲಿ ಬಿಡುವು ಧಾರಾಳ. ಒಂದು ಗೊಂಬೆ ಒಣಗುವಾಗ ಇನ್ನೊಂದು ಕೈಗೆ ಬರುತ್ತದೆ, ನಡುವೆ ಎಲೆ ಅಡಿಕೆ, ಹರಟೆ. ಆದರೆ ಹಿರಿಯರೊಬ್ಬರು ಗರುಡನ ಕಣ್ಣು ಬರೆಯಲು ಸಣ್ಣ ಕುಂಚ ತೆಗೆದಾಗ ಕೋಣೆಯಲ್ಲಿದ್ದ ಮಕ್ಕಳೂ ಸುಮ್ಮನಾದರು. ಎರಡು ಕಣ್ಣು, ಒಂದೇ ಉಸಿರಿನಲ್ಲಿ. ಆಮೇಲೆ ಅವರು ಕುಂಚ ಕೆಳಗಿಟ್ಟು, "ಈಗ ಕೇಳ್ರಿ ತಂಗಿ, ಏನ್ ಕೇಳೂದಿತ್ತು" ಅಂದರು.

ಗೊಂಬೆ ಕೊಂಡರೆ ಅವರಿಂದಲೇ ಹುಲ್ಲು, ಹಳೆ ಬಟ್ಟೆ ಹಾಕಿ ಕಟ್ಟಿಸಿಕೊಳ್ಳಿ, ಬೆರಳು ಮೂಗು ಬೇಗ ಮುರಿಯುತ್ತವೆ. ದೊಡ್ಡ ಮೂರ್ತಿ ಬೇಕೆಂದರೆ ತಿಂಗಳುಗಟ್ಟಲೆ ಮೊದಲು ಹೇಳಬೇಕು, ಮುಂಗಡ ಕೊಡಬೇಕು. ವಾಪಸ್ ಬರಲು ಕೊಪ್ಪಳದಿಂದ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಇದೆ, ಬೆಳಗ್ಗೆ ಬೆಂಗಳೂರು. ಗರುಡನನ್ನು ಅಮ್ಮ ರಾತ್ರಿಯಿಡೀ ತಲೆದಿಂಬಿನ ಪಕ್ಕ ಇಟ್ಟುಕೊಂಡಿದ್ದಳು. ಕಾಕಾನ ಮಗ್ಗದ ಕಪ್ಪು ಸೀರೆಗೆ ಮುಂಗಡ ಕೊಟ್ಟು ಬಂದಿದ್ದೇವೆ. ಅದು ಬಂದ ಮೇಲೆ ಕಸೂತಿಗೆ ಆ ಅಕ್ಕನ ಮನೆಗೆ ಹೋಗುತ್ತದೆ. ತೇರು ಎಲ್ಲಿ ಬರಬೇಕು ಅಂತ ಅಮ್ಮ ಆಗಲೇ ತೋರಿಸಿದ್ದಾಳೆ.