ಡಬಲ್ಸ್‌ನಲ್ಲಿ ಗೆಲ್ಲುವ ನಾವು ಸಿಂಗಲ್ಸ್‌ನಲ್ಲಿ ಯಾಕೆ ಇಲ್ಲ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ನನಗೆ ಟೆನಿಸ್ ಹುಚ್ಚು ಅಂತ ಗೊತ್ತಿರುವವರು ಒಂದಲ್ಲ ಒಂದು ದಿನ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. "ಪೇಸ್, ಭೂಪತಿ, ಸಾನಿಯಾ, ನಮ್ಮ ಬೋಪಣ್ಣ, ಎಲ್ಲರೂ ಡಬಲ್ಸ್‌ನಲ್ಲೇ ಗೆದ್ದರು. ಸಿಂಗಲ್ಸ್‌ನಲ್ಲಿ ನಮ್ಮವರು ಯಾಕೆ ಇಲ್ಲ?" ಕೆಲವರು ಬೇಸರದಿಂದ ಕೇಳುತ್ತಾರೆ. ಇನ್ನು ಕೆಲವರು ಡಬಲ್ಸ್ ಅಂದರೆ ಏನೋ ಸಣ್ಣ ಆಟ ಅನ್ನುವ ಹಾಗೆ ಕೇಳುತ್ತಾರೆ. ಆ ಎರಡನೇ ಥರದ ಮಾತು ಕೇಳಿದಾಗ ನನಗೆ ನಿಜಕ್ಕೂ ನೋವಾಗುತ್ತದೆ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ ಎರಡು ಮಾತಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಇವರಲ್ಲಿ ಯಾರೂ ಡಬಲ್ಸ್ ಆಡಬೇಕು ಅಂತ ರಾಕೆಟ್ ಹಿಡಿದವರಲ್ಲ. ಎಲ್ಲರೂ ಸಿಂಗಲ್ಸ್ ಆಡಲು ಹೊರಟವರೇ. ಹದಿನೆಂಟು ದಾಟಿದ ಮೇಲೆ ಐದಾರು ವರ್ಷ ಒಬ್ಬ ಸಿಂಗಲ್ಸ್ ಆಟಗಾರನನ್ನು ಕೈ ಹಿಡಿದು ನಡೆಸುವ ವ್ಯವಸ್ಥೆ ನಮ್ಮಲ್ಲಿ ಇಲ್ಲ. ಅಷ್ಟರಲ್ಲಿ ಮೊಣಕಾಲು ಹೋಗುತ್ತದೆ, ಇಲ್ಲ ದುಡ್ಡು ಮುಗಿಯುತ್ತದೆ. ಆಗ ಆಟ ಬಿಡಲು ಮನಸ್ಸಾಗದವರು ಡಬಲ್ಸ್‌ಗೆ ಬರುತ್ತಾರೆ. ಬಂದ ಮೇಲೆ ಅದರಲ್ಲಿ ಅದ್ಭುತವಾಗಿ ಆಡುತ್ತಾರೆ.

2024ರ ಜನವರಿ ನೆನಪಿದೆಯಾ? ಆಸ್ಟ್ರೇಲಿಯನ್ ಓಪನ್. ಸುಮಿತ್ ನಗಾಲ್ ಆಗ 137ನೇ ರ‍್ಯಾಂಕ್‌ನಲ್ಲಿದ್ದರು. ಕ್ವಾಲಿಫೈಯಿಂಗ್‌ನಲ್ಲಿ ಮೂರು ಪಂದ್ಯ ಗೆದ್ದು ಒಳಗೆ ಬಂದರು. ಮೊದಲ ಸುತ್ತಿನಲ್ಲಿ 31ನೇ ಶ್ರೇಯಾಂಕದ (ಟೂರ್ನಿಗೆ ಮೊದಲೇ ಬಲಿಷ್ಠರು ಅಂತ ಗುರುತಿಸಿ ಕೊಡುವ ಕ್ರಮಾಂಕ) ಅಲೆಕ್ಸಾಂಡರ್ ಬುಬ್ಲಿಕ್ ಅವರನ್ನು ನೇರ ಸೆಟ್‌ಗಳಲ್ಲಿ ಸೋಲಿಸಿದರು. ಗ್ರ್ಯಾಂಡ್‌ಸ್ಲಾಮ್, ಅಂದರೆ ಟೆನಿಸ್‌ನ ನಾಲ್ಕು ಅತಿ ದೊಡ್ಡ ಟೂರ್ನಿಗಳ ಸಿಂಗಲ್ಸ್‌ನಲ್ಲಿ ಭಾರತದ ಆಟಗಾರನೊಬ್ಬ ಶ್ರೇಯಾಂಕಿತರನ್ನು ಸೋಲಿಸಿ ಆಗಲೇ 35 ವರ್ಷ ಆಗಿತ್ತು. 1989ರಲ್ಲಿ ಅದೇ ಮೆಲ್ಬರ್ನ್‌ನಲ್ಲಿ ರಮೇಶ್ ಕೃಷ್ಣನ್ ಆಗಿನ ನಂಬರ್ ಒನ್ ಮ್ಯಾಟ್ಸ್ ವಿಲಾಂಡರ್ ಅವರನ್ನು ಮಣಿಸಿದ್ದೇ ಕೊನೆ. ಹತ್ತು ಹನ್ನೊಂದು ದಿನ ಕಳೆದ ಮೇಲೆ ಅದೇ ಟೂರ್ನಿಯಲ್ಲಿ ರೋಹನ್ ಬೋಪಣ್ಣ, ಮ್ಯಾಥ್ಯೂ ಎಬ್ಡೆನ್ ಜೊತೆ ಪುರುಷರ ಡಬಲ್ಸ್ ಪ್ರಶಸ್ತಿ ಎತ್ತಿದರು. ವಯಸ್ಸು 43. ಕೂಡಲೇ ಡಬಲ್ಸ್‌ನಲ್ಲಿ ವಿಶ್ವದ ನಂಬರ್ ಒನ್ ಕೂಡ ಆದರು.

ಒಂದು ಕಡೆ ಎರಡನೇ ಸುತ್ತು ತಲುಪಿದ್ದೇ ದೊಡ್ಡ ಸುದ್ದಿ. ಇನ್ನೊಂದು ಕಡೆ ಜಗತ್ತಿನ ತುತ್ತತುದಿ. ನನ್ನನ್ನು ಕೇಳುವವರ ಪ್ರಶ್ನೆಯೆಲ್ಲಾ ಆ ಹದಿನೈದು ದಿನಗಳಲ್ಲೇ ಇತ್ತು.

ಹಿಂದೆ ನಾವು ಸಿಂಗಲ್ಸ್‌ನಲ್ಲಿ ಚೆನ್ನಾಗಿಯೇ ಇದ್ದೆವು. ರಾಮನಾಥನ್ ಕೃಷ್ಣನ್ 1960 ಮತ್ತು 1961ರಲ್ಲಿ ವಿಂಬಲ್ಡನ್ ಸೆಮಿಫೈನಲ್ ಆಡಿದರು. ವಿಜಯ್ ಅಮೃತರಾಜ್ ವಿಂಬಲ್ಡನ್‌ನಲ್ಲಿ ಎರಡು ಸಲ, ಅಮೆರಿಕನ್ ಓಪನ್‌ನಲ್ಲಿ ಎರಡು ಸಲ ಕ್ವಾರ್ಟರ್‌ಫೈನಲ್ ಆಡಿದರು. ರಮೇಶ್ ಕೃಷ್ಣನ್ ಮೂರು ಗ್ರ್ಯಾಂಡ್‌ಸ್ಲಾಮ್ ಕ್ವಾರ್ಟರ್‌ಫೈನಲ್ ಆಡಿದವರು. ಆಗ ಹುಲ್ಲಿನ ಅಂಕಣದ ಟೂರ್ನಿಗಳು ಜಾಸ್ತಿ ಇದ್ದವು. ಕೈಯ ನಾಜೂಕು, ನೆಟ್ ಹತ್ತಿರದ ಚುರುಕು ಇದ್ದರೆ ದೊಡ್ಡವರನ್ನೂ ಸೋಲಿಸಬಹುದಿತ್ತು. ಮೆಕೆನ್ರೊ, ಎಡ್ಬರ್ಗ್ ಇಬ್ಬರೂ ಸಿಂಗಲ್ಸ್, ಡಬಲ್ಸ್ ಎರಡರಲ್ಲೂ ನಂಬರ್ ಒನ್ ಆಗಿದ್ದ ಕಾಲ ಅದು. ಆಮೇಲೆ ರಾಕೆಟ್ ಬದಲಾಯಿತು, ತಂತಿ ಬದಲಾಯಿತು, ಅಂಕಣ ನಿಧಾನವಾಯಿತು. ಸಿಂಗಲ್ಸ್ ಅನ್ನುವುದು ಬೇಸ್‌ಲೈನ್ ಹಿಂದೆ ನಿಂತು ನಾಲ್ಕೈದು ಗಂಟೆ ಬಲವಾಗಿ ಹೊಡೆಯುತ್ತಾ ಓಡುವ ಆಟವಾಯಿತು. ಅದಕ್ಕೆ ಬೇಕಾದ ದೇಹ ತಯಾರಾಗಲು ವರ್ಷಗಟ್ಟಲೆ ಬೇಕು. ಫಿಟ್‌ನೆಸ್ ಕೋಚ್ ಬೇಕು, ಫಿಸಿಯೊ ಬೇಕು, ಸರಿಯಾದ ಊಟ ಬೇಕು. ಡಬಲ್ಸ್‌ನಲ್ಲಿ ಮಾತ್ರ ಹಳೆಯ ಗುಣಗಳಿಗೆ ಇನ್ನೂ ಬೆಲೆ ಇದೆ. ಒಳ್ಳೆಯ ಸರ್ವ್, ಕಾಲಬುಡಕ್ಕೆ ಬೀಳುವ ರಿಟರ್ನ್, ಚೆಂಡು ನೆಲಕ್ಕೆ ಬೀಳುವ ಮೊದಲೇ ಹೊಡೆಯುವ ವಾಲಿ, ಜೊತೆಗಾರ ಏನು ಮಾಡುತ್ತಾನೆ ಅಂತ ಅರ್ಧ ಕ್ಷಣ ಮೊದಲೇ ತಿಳಿಯುವ ಬುದ್ಧಿ. ಇದು ಸಣ್ಣ ಆಟ ಅಲ್ಲ. ಬೇರೆಯೇ ಒಂದು ಆಟ.

ಲಿಯಾಂಡರ್ ಪೇಸ್ ಅವರನ್ನೇ ನೋಡಿ. 1990ರಲ್ಲಿ ಜೂನಿಯರ್ ವಿಂಬಲ್ಡನ್ ಗೆದ್ದಿದ್ದು ಸಿಂಗಲ್ಸ್‌ನಲ್ಲಿ. 1996ರ ಅಟ್ಲಾಂಟಾ ಒಲಿಂಪಿಕ್ಸ್ ಕಂಚು ಸಿಂಗಲ್ಸ್‌ನದ್ದು. 1998ರಲ್ಲಿ ಅಮೆರಿಕದ ನ್ಯೂಪೋರ್ಟ್ ಟೂರ್ನಿಯ ಸಿಂಗಲ್ಸ್ ಪ್ರಶಸ್ತಿ ಗೆದ್ದರು, ಅದೇ ವರ್ಷ ಪೀಟ್ ಸ್ಯಾಂಪ್ರಾಸ್ ಅವರನ್ನೂ ಸೋಲಿಸಿದರು. ಆದರೂ ರ‍್ಯಾಂಕಿಂಗ್ 73 ದಾಟಲಿಲ್ಲ. 1999ರಲ್ಲಿ ಭೂಪತಿ ಜೊತೆ ನಾಲ್ಕೂ ಗ್ರ್ಯಾಂಡ್‌ಸ್ಲಾಮ್ ಫೈನಲ್ ತಲುಪಿ ಎರಡು ಗೆದ್ದ ಮೇಲೆ ಅವರ ದಾರಿ ಯಾವುದು ಅನ್ನುವುದು ಸ್ಪಷ್ಟವಾಯಿತು. ಕೊನೆಗೆ ಡಬಲ್ಸ್, ಮಿಶ್ರ ಡಬಲ್ಸ್ ಸೇರಿ 18 ಗ್ರ್ಯಾಂಡ್‌ಸ್ಲಾಮ್. ಈ ಆಯ್ಕೆ ತಪ್ಪು ಅಂತ ಯಾರಾದರೂ ಹೇಳಲು ಸಾಧ್ಯವಾ?

ಸಾನಿಯಾ ಮಿರ್ಜಾ ಕಥೆ ನನಗೆ ಇನ್ನೂ ಹತ್ತಿರದ್ದು. 2005ರಲ್ಲಿ ಅಮೆರಿಕನ್ ಓಪನ್ ನಾಲ್ಕನೇ ಸುತ್ತು, 2007ರಲ್ಲಿ ಸಿಂಗಲ್ಸ್‌ನಲ್ಲಿ 27ನೇ ರ‍್ಯಾಂಕ್. ಭಾರತದ ಬೇರೆ ಯಾವ ಹೆಣ್ಣುಮಗಳೂ ಸಿಂಗಲ್ಸ್‌ನಲ್ಲಿ ನೂರರ ಒಳಗೆ ಕಾಲಿಟ್ಟಿಲ್ಲ. ಆ ಫೋರ್‌ಹ್ಯಾಂಡ್ ನೋಡಿದವರು ಮರೆಯುವುದಿಲ್ಲ. ಆದರೆ ಮಣಿಕಟ್ಟು, ಮೊಣಕಾಲು ಎರಡೂ ಶಸ್ತ್ರಚಿಕಿತ್ಸೆ ಕಂಡವು. ಸಿಂಗಲ್ಸ್ ಬಿಟ್ಟ ಮೇಲೆ ಮಾರ್ಟಿನಾ ಹಿಂಗಿಸ್ ಜೊತೆ ಸೇರಿ 2015ರಲ್ಲಿ ಡಬಲ್ಸ್ ನಂಬರ್ ಒನ್ ಆದರು. ಸಿಂಗಲ್ಸ್ ಬಿಟ್ಟು ಓಡಿಹೋದರು ಅನ್ನುವವರಿಗೆ ನಾನು ಹೇಳುವುದಿಷ್ಟೇ. ಅವರು ಬಿಡಲಿಲ್ಲ, ದೇಹ ಬಿಡಿಸಿತು.

ಯೂಕಿ ಭಾಂಬ್ರಿ ಹೆಸರು ತುಂಬಾ ಜನರಿಗೆ ಗೊತ್ತಿಲ್ಲ. ಈ ಪ್ರಶ್ನೆಗೆ ಅವರೇ ಸರಿಯಾದ ಉತ್ತರ ಅಂತ ನನ್ನ ಲೆಕ್ಕ. 2009ರಲ್ಲಿ ಜೂನಿಯರ್ ಆಸ್ಟ್ರೇಲಿಯನ್ ಓಪನ್ ಗೆದ್ದರು. ಜೂನಿಯರ್‌ಗಳಲ್ಲಿ ವಿಶ್ವದ ನಂಬರ್ ಒನ್ ಆದರು. ಅಂದರೆ ಹದಿನಾರು ಹದಿನೇಳನೇ ವಯಸ್ಸಿನಲ್ಲಿ ಇಡೀ ಜಗತ್ತಿನಲ್ಲಿ ಅವರ ವಾರಗೆಯವರಿಗಿಂತ ಮುಂದಿದ್ದರು. ಪ್ರತಿಭೆ ಇಲ್ಲ ಅನ್ನುವ ಮಾತು ಅಲ್ಲೇ ಬಿದ್ದುಹೋಗುತ್ತದೆ. ಆದರೆ ಅವರ ಅತ್ಯುತ್ತಮ ಸಿಂಗಲ್ಸ್ ರ‍್ಯಾಂಕ್ 83 ಬಂದಿದ್ದು 2018ರಲ್ಲಿ. ಒಂಬತ್ತು ವರ್ಷ! ನಡುವೆ ಒಂದರ ಹಿಂದೊಂದು ಗಾಯ. ಆರೋಗ್ಯವಾಗಿದ್ದಾಗ ಗೇಲ್ ಮಾನ್ಫಿಸ್, ಲೂಕಾ ಪುಯಿ ಥರದವರನ್ನು ಸೋಲಿಸಿದರು. 2018ರ ನಂತರ ಮೊಣಕಾಲಿನ ತೊಂದರೆಯಿಂದ ಎರಡು ವರ್ಷಕ್ಕೂ ಜಾಸ್ತಿ ಆಟವೇ ಇಲ್ಲ. ಈಗ ಡಬಲ್ಸ್ ಆಡುತ್ತಾರೆ. 2025ರ ಅಮೆರಿಕನ್ ಓಪನ್‌ನಲ್ಲಿ ಮೈಕಲ್ ವೀನಸ್ ಜೊತೆ ಸೆಮಿಫೈನಲ್ ತಲುಪಿದರು. ಆ ಪಂದ್ಯ ನೋಡುವಾಗ ನನಗೆ ಖುಷಿಯೂ ಆಯಿತು, ಕಣ್ಣೂ ತುಂಬಿತು.

ಹದಿನೆಂಟು ದಾಟಿದ ಮೇಲೆ ಏನಾಗುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಯಾಕೆಂದರೆ ಟಿವಿಯಲ್ಲಿ ಕಾಣುವುದು ಗ್ರ್ಯಾಂಡ್‌ಸ್ಲಾಮ್ ಮಾತ್ರ. ಕೆಳಗಿನ ಮೆಟ್ಟಿಲುಗಳು ಯಾರಿಗೂ ಕಾಣುವುದಿಲ್ಲ. ಶುರುವಾಗುವುದು ಒಟ್ಟು ಬಹುಮಾನ 15,000 ಡಾಲರ್ ಇರುವ ಸಣ್ಣ ಟೂರ್ನಿಗಳಿಂದ. ಆ ದುಡ್ಡು ಅಷ್ಟೂ ಆಟಗಾರರಿಗೆ ಹಂಚಿಹೋಗುತ್ತದೆ. ಮೊದಲ ಸುತ್ತಿನಲ್ಲಿ ಸೋತವನ ಕೈಗೆ ಸುಮಾರು 150 ಡಾಲರ್ ಬರುತ್ತದೆ. ವಿಮಾನ, ಹೋಟೆಲ್, ಊಟ, ರಾಕೆಟ್‌ಗೆ ತಂತಿ ಹಾಕಿಸುವ ಖರ್ಚು ಎಲ್ಲ ಅವನದ್ದೇ. ಕೋಚ್ ಕರೆದುಕೊಂಡು ಹೋದರೆ ಅವರ ಖರ್ಚೂ ಇವನದ್ದೇ. ಅದರ ಮೇಲೆ ಚಾಲೆಂಜರ್ ಟೂರ್ನಿಗಳು. ಅದರ ಮೇಲೆ ಎಟಿಪಿ ಟೂರ್, ಅಂದರೆ ಪುರುಷರ ವೃತ್ತಿಪರ ಟೆನಿಸ್‌ನ ದೊಡ್ಡ ಟೂರ್ನಿಗಳ ಸಾಲು. ಪಂದ್ಯ ಗೆದ್ದು ಗಳಿಸಿದ ರ‍್ಯಾಂಕಿಂಗ್ ಪಾಯಿಂಟ್‌ಗಳು 52 ವಾರ ಮಾತ್ರ ಉಳಿಯುತ್ತವೆ. ನಾಲ್ಕು ತಿಂಗಳು ಗಾಯವಾಗಿ ಮಲಗಿದರೆ ಹತ್ತಿದ ಮೆಟ್ಟಿಲು ಮತ್ತೆ ಇಳಿಯಬೇಕು.

ಇಟಲಿಯ ಹುಡುಗನಿಗೆ ತನ್ನ ದೇಶದಲ್ಲೇ ವರ್ಷಕ್ಕೆ ಹತ್ತಾರು ಚಾಲೆಂಜರ್ ಸಿಗುತ್ತವೆ. ರೈಲು ಹತ್ತಿ ಹೋಗಬಹುದು, ಸೋತರೆ ರಾತ್ರಿ ಮನೆಗೆ ಬರಬಹುದು. ಅಲ್ಲಿ ವಿಶ್ವದ ನಂಬರ್ ಒನ್ ಪಟ್ಟಕ್ಕೇರಿದ ಯಾನಿಕ್ ಸಿನ್ನರ್ ಒಬ್ಬರೇ ಬಂದಿಲ್ಲ, ಸಾಲಾಗಿ ಬಂದಿದ್ದಾರೆ. ನಮ್ಮಲ್ಲಿ ಫೆಬ್ರವರಿ ಆಸುಪಾಸಿನಲ್ಲಿ ಚೆನ್ನೈ, ಪುಣೆ, ಬೆಂಗಳೂರು, ದೆಹಲಿ ಅಂತ ಮೂರ್ನಾಲ್ಕು ಚಾಲೆಂಜರ್ ನಡೆಯುತ್ತವೆ. ಉಳಿದ ತಿಂಗಳು ಹೊರದೇಶವೇ ಗತಿ. ಚೆನ್ನೈನಲ್ಲಿ ಇಪ್ಪತ್ತು ವರ್ಷ ನಡೆದ ಎಟಿಪಿ ಟೂರ್ನಿ 2018ರಲ್ಲಿ ಪುಣೆಗೆ ಹೋಯಿತು. 2023ರ ನಂತರ ಅದೂ ದೇಶ ಬಿಟ್ಟಿತು. ದೊಡ್ಡ ಟೂರ್ನಿ ಊರಲ್ಲಿ ನಡೆದರೆ ನಾಲ್ಕು ಜನ ನಮ್ಮ ಹುಡುಗರಿಗೆ ವೈಲ್ಡ್ ಕಾರ್ಡ್ (ರ‍್ಯಾಂಕ್ ಸಾಲದಿದ್ದರೂ ಆಯೋಜಕರು ಕೊಡುವ ನೇರ ಪ್ರವೇಶ) ಸಿಗುತ್ತದೆ, ನೂರರೊಳಗಿನವರ ಚೆಂಡಿನ ಭಾರ ಎಷ್ಟು ಅಂತ ಕೈಗೆ ಗೊತ್ತಾಗುತ್ತದೆ. ಆ ನಷ್ಟವನ್ನು ನಾವು ಅಷ್ಟು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ ಅನ್ನುವುದು ನನ್ನ ದೊಡ್ಡ ಕೊರಗು.

2023ರ ಸೆಪ್ಟೆಂಬರ್‌ನಲ್ಲಿ ಇದೇ ನಗಾಲ್ ತನ್ನ ಬ್ಯಾಂಕ್ ಖಾತೆಯಲ್ಲಿ 900 ಯೂರೊ, ಅಂದರೆ ಹೆಚ್ಚು ಕಡಿಮೆ 80,000 ರೂಪಾಯಿ ಮಾತ್ರ ಉಳಿದಿದೆ ಅಂತ ಬಾಯಿಬಿಟ್ಟು ಹೇಳಿದರು. ಆಗ ಸಿಂಗಲ್ಸ್‌ನಲ್ಲಿ ಭಾರತದ ನಂಬರ್ ಒನ್ ಅವರೇ. ನೂರು ಕೋಟಿಗೂ ಜಾಸ್ತಿ ಜನ ಇರುವ ದೇಶದ ಮೊದಲ ಆಟಗಾರ. ಅದಾದ ನಾಲ್ಕು ತಿಂಗಳಿಗೆ ಮೆಲ್ಬರ್ನ್‌ನ ಆ ಗೆಲುವು. ಎರಡನೇ ಸುತ್ತು ಮುಟ್ಟಿದ್ದಕ್ಕೆ 1,80,000 ಆಸ್ಟ್ರೇಲಿಯನ್ ಡಾಲರ್ ಬಂತು. ಫೆಬ್ರವರಿಯಲ್ಲಿ ಚೆನ್ನೈ ಚಾಲೆಂಜರ್ ಗೆದ್ದು ನೂರರೊಳಗೆ ಬಂದರು, ಜುಲೈನಲ್ಲಿ 68ಕ್ಕೆ ಏರಿದರು. ಮುಂದಿನ ವರ್ಷ ಪಾಯಿಂಟ್‌ಗಳು ಕಳಚಿ ಮತ್ತೆ 200ರ ಆಚೆ ಹೋದರು. ಒಬ್ಬನೇ ಹತ್ತಿ, ಒಬ್ಬನೇ ಜಾರಿ, ಮತ್ತೆ ಒಬ್ಬನೇ ಹತ್ತಬೇಕು. ಪಕ್ಕದಲ್ಲಿ ಅಭ್ಯಾಸಕ್ಕೆ ಸಿಗುವ ನೂರರೊಳಗಿನ ಇನ್ನೊಬ್ಬ ಭಾರತೀಯ ಇಲ್ಲ.

ಈಗ ಡಬಲ್ಸ್ ಲೆಕ್ಕ ನೋಡಿ. ಗ್ರ್ಯಾಂಡ್‌ಸ್ಲಾಮ್ ಸಿಂಗಲ್ಸ್‌ನಲ್ಲಿ 128 ಜಾಗ. ಡಬಲ್ಸ್‌ನಲ್ಲೂ 64 ಜೋಡಿ, ಅಂದರೆ 128 ಜನ. ಆದರೆ ಸಿಂಗಲ್ಸ್‌ನ ಮೇಲಿನ ಸಾಲಿನವರು ಬಹುಪಾಲು ಡಬಲ್ಸ್ ಆಡುವುದಿಲ್ಲ. ಐದು ಸೆಟ್ ಆಡಿದ ದೇಹಕ್ಕೆ ವಿಶ್ರಾಂತಿ ಬೇಕು. ಹಾಗಾಗಿ ಡಬಲ್ಸ್ ಬಾಗಿಲು ಸ್ವಲ್ಪ ಅಗಲ. ವೃತ್ತಿ ಜೀವನವೂ ಉದ್ದ. ಬಹುಮಾನ ಸಿಂಗಲ್ಸ್‌ಗಿಂತ ತುಂಬಾ ಕಡಿಮೆ, ಅದನ್ನೂ ಇಬ್ಬರು ಹಂಚಿಕೊಳ್ಳಬೇಕು. ಆದರೂ ಸಿಂಗಲ್ಸ್‌ನಲ್ಲಿ 300ನೇ ಸ್ಥಾನದಲ್ಲಿ ಸಾಲ ಮಾಡಿಕೊಂಡು ಅಲೆಯುವುದಕ್ಕಿಂತ ಡಬಲ್ಸ್‌ನಲ್ಲಿ 70ನೇ ಸ್ಥಾನದಲ್ಲಿದ್ದು ಗ್ರ್ಯಾಂಡ್‌ಸ್ಲಾಮ್ ಆಡುವುದು ಮೇಲು. ಮನೆಯವರು ಮಾರಬಹುದಾದದ್ದನ್ನೆಲ್ಲ ಮಾರಿ ಆಡಿಸಿದ ಹುಡುಗ ಯಾವುದನ್ನು ಆರಿಸಿಕೊಳ್ಳಬೇಕು, ನೀವೇ ಹೇಳಿ.

ಬೋಪಣ್ಣ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ಸಹಿಸಿಕೊಳ್ಳಿ. ಕೊಡಗಿನ ಕಾಫಿ ಬೆಳೆಗಾರರ ಮನೆಯ ಹುಡುಗ. ಹಾಕಿಗೆ ಹೆಸರಾದ ನಾಡಿನಿಂದ ಟೆನಿಸ್‌ಗೆ ಬಂದವರು. ಸಿಂಗಲ್ಸ್‌ನಲ್ಲಿ ಅವರ ಅತ್ಯುತ್ತಮ ರ‍್ಯಾಂಕ್ 213. ಅಲ್ಲೇ ನಿಂತಿದ್ದರೆ ಇವತ್ತು ಅವರ ಹೆಸರು ಎಷ್ಟು ಜನರಿಗೆ ಗೊತ್ತಿರುತ್ತಿತ್ತು? 2010ರಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆ ಅಮೆರಿಕನ್ ಓಪನ್ ಫೈನಲ್ ಆಡಿದರು. 2017ರಲ್ಲಿ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದರು. 2021ರಲ್ಲಿ ಐದು ತಿಂಗಳು ಒಂದು ಪಂದ್ಯವನ್ನೂ ಗೆಲ್ಲಲಿಲ್ಲ, ಸಾಕು ಅಂತ ಅನಿಸಿತ್ತು ಅಂತ ಅವರೇ ಹೇಳಿಕೊಂಡಿದ್ದಾರೆ. ಮೊಣಕಾಲಲ್ಲಿ ಮೃದ್ವಸ್ಥಿ ಸವೆದುಹೋಗಿತ್ತು. ಅಯ್ಯಂಗಾರ್ ಯೋಗ ಮಾಡಿ ಕಾಲು ಉಳಿಸಿಕೊಂಡರು. ಆಮೇಲೆ ಬಂತು ಆ ನಂಬರ್ ಒನ್. 2025ರ ನವೆಂಬರ್ 1ರಂದು ನಿವೃತ್ತಿ ಹೇಳಿದಾಗ ನಮ್ಮ ಮನೆಯಲ್ಲಿ ಯಾರೋ ಊರಿಗೆ ಹೊರಟ ಹಾಗೆ ಅನಿಸಿತು.

"ಹಾಗಾದರೆ ಡಬಲ್ಸ್‌ನ ಗೆಲುವೇ ನಮ್ಮ ಸಿಂಗಲ್ಸ್ ಹಾಳು ಮಾಡಿತಾ?" ಅಂತ ಒಬ್ಬರು ಹಿರಿಯರು ಕೇಳಿದ್ದರು. ಹಾಗೆ ಅಂತ ನಾನು ನಂಬುವುದಿಲ್ಲ. ಆದರೆ ಒಂದು ಮಾತು ಒಪ್ಪುತ್ತೇನೆ. ಈಚೆಗೆ ಕೆಲವರು ಇಪ್ಪತ್ತೆರಡು ಇಪ್ಪತ್ಮೂರಕ್ಕೇ ಡಬಲ್ಸ್ ಕಡೆ ವಾಲುತ್ತಿದ್ದಾರೆ. ಅದು ಬೇಗ ಆಯಿತು ಅನಿಸುತ್ತದೆ. ಪ್ರಜ್ಞೇಶ್ ಗುಣೇಶ್ವರನ್ ಮೊಣಕಾಲಿನ ಗಾಯದಿಂದ ವರ್ಷಗಟ್ಟಲೆ ಕಳೆದುಕೊಂಡು, ಮೂವತ್ತರ ಹೊಸ್ತಿಲಲ್ಲಿ 75ನೇ ರ‍್ಯಾಂಕ್ ತಲುಪಿದರು. ಕಾಯುವ ಶಕ್ತಿ ಕೊಟ್ಟರೆ ಆಗುತ್ತದೆ.

ಕಾಯುವ ಶಕ್ತಿ ಕೊಡುವ ಒಂದು ದಾರಿ ಅಮೆರಿಕದ ಕಾಲೇಜುಗಳು. ಸೋಮದೇವ್ ದೇವವರ್ಮನ್ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಾ 2007, 2008ರಲ್ಲಿ ಅಲ್ಲಿನ ಕಾಲೇಜು ಚಾಂಪಿಯನ್ ಆದರು. ಆಮೇಲೆ 62ನೇ ರ‍್ಯಾಂಕ್‌ವರೆಗೆ ಹೋದರು. ನಾಲ್ಕು ವರ್ಷ ಕೋಚ್, ಜಿಮ್, ಫಿಸಿಯೊ, ವಾರ ವಾರ ಪಂದ್ಯ, ಯಾವುದಕ್ಕೂ ಕೈಯಿಂದ ದುಡ್ಡು ಹಾಕಬೇಕಿಲ್ಲ. ನಮ್ಮವರಿಗೆ ಕಷ್ಟವಾಗುವುದು ಸರಿಯಾಗಿ ಅದೇ ನಾಲ್ಕು ವರ್ಷ. 2025ರ ಸೆಪ್ಟೆಂಬರ್‌ನಲ್ಲಿ ದೇಶ ದೇಶಗಳ ತಂಡಗಳು ಆಡುವ ಡೇವಿಸ್ ಕಪ್‌ನಲ್ಲಿ ಸ್ವಿಟ್ಜರ್ಲೆಂಡನ್ನು ಅವರದೇ ನೆಲದಲ್ಲಿ 3–1ರಿಂದ ಸೋಲಿಸಿದೆವು. ನಮ್ಮ ಮೂರೂ ಗೆಲುವು ಸಿಂಗಲ್ಸ್‌ನಲ್ಲಿ ಬಂದವು, ಸೋತಿದ್ದು ಡಬಲ್ಸ್! ಮೊದಲ ಪಂದ್ಯ ಗೆದ್ದ ದಕ್ಷಿಣೇಶ್ವರ್ ಸುರೇಶ್ ಕೂಡ ಅಮೆರಿಕದ ಕಾಲೇಜಿನ ಆಟಗಾರ. ಆಗ ಅವರ ರ‍್ಯಾಂಕ್ 600ರ ಆಚೆ ಇತ್ತು. ನಗಾಲ್ ಎರಡು ಗೆದ್ದರು.

ಒಮ್ಮೆ ಕಬ್ಬನ್ ಪಾರ್ಕ್‌ನ ಅಂಕಣದಲ್ಲಿ ಚಾಲೆಂಜರ್ ನೋಡಲು ಹೋಗಿದ್ದೆ. ನಮ್ಮ ಹುಡುಗನೊಬ್ಬ ಬಿಸಿಲಲ್ಲಿ ಮೂರು ಸೆಟ್ ಆಡಿ, ಮೂರನೇ ಸೆಟ್‌ನ ಟೈಬ್ರೇಕ್‌ನಲ್ಲಿ ಸೋತ. ಗ್ಯಾಲರಿಯಲ್ಲಿ ಇಪ್ಪತ್ತು ಮೂವತ್ತು ಜನ ಇದ್ದೆವು. ಅವನು ಟವೆಲ್ ತಲೆ ಮೇಲೆ ಹಾಕಿಕೊಂಡು ತುಂಬಾ ಹೊತ್ತು ಕುರ್ಚಿಯಲ್ಲೇ ಕೂತಿದ್ದ. ಆಮೇಲೆ ಬ್ಯಾಗ್ ಹೆಗಲಿಗೇರಿಸಿಕೊಂಡು ಹೊರಟ. ಸಂಜೆ ಕಾಫಿ ಕುಡಿದು ವಾಪಸ್ ಬರುವಾಗ ಪಕ್ಕದ ಅಂಕಣದಲ್ಲಿ ಅದೇ ಹುಡುಗ ಕಂಡ. ಅಂಗಿ ಬದಲಾಯಿಸಿದ್ದ, ತೊಡೆಗೆ ಪಟ್ಟಿ ಸುತ್ತಿಕೊಂಡಿದ್ದ. ನೆಟ್ ಹತ್ತಿರ ಬಾಗಿ ನಿಂತು, ಹಿಂದಿನಿಂದ ಜೊತೆಗಾರನ ಸರ್ವ್ ಬರುವುದನ್ನೇ ಕಾಯುತ್ತಿದ್ದ.