ಖುಲಾಸೆ ಆದವನ ಮೇಲೆ ಕ್ಲೇಮ್ ಕೇಸು

ಭಾವ ಬೈಕಿನಲ್ಲಿ ಬರುವಾಗ ಎದುರಿಂದ ಬಂದ ಲಾರಿ ಗುದ್ದಿ ತೀರಿಕೊಂಡರು. ಪೊಲೀಸರು ಡ್ರೈವರ್ ಮೇಲೆ ಐಪಿಸಿ 279 (ಅಡ್ಡಾದಿಡ್ಡಿ ಚಾಲನೆ), 304ಎ (ನಿರ್ಲಕ್ಷ್ಯದಿಂದ ಸಾವು) ಹಾಕಿದ್ದರು. ಕಣ್ಣಾರೆ ಕಂಡಿದ್ದ ಸಾಕ್ಷಿಗಳು ಕೋರ್ಟಿನಲ್ಲಿ ಉಲ್ಟಾ ಹೊಡೆದರು. ಡ್ರೈವರ್ ಖುಲಾಸೆಯಾದ. ಪರಿಹಾರ ಕೇಳಿ ಅಕ್ಕ ಹಾಕಿದ್ದ ಕ್ಲೇಮ್ ಕೇಸು ಮಾತ್ರ ಅಪಘಾತ ಪರಿಹಾರ ತೀರ್ಮಾನಿಸುವ ಟ್ರಿಬ್ಯುನಲ್‌ನಲ್ಲಿ ನಡೀತಾ ಇತ್ತು.

ಅವತ್ತು ಲಾರಿಯ ಇನ್ಶೂರೆನ್ಸ್ ಕಂಪನಿಯವರು ತಮ್ಮ ಪರ ಸಾಕ್ಷಿಯಾಗಿ ಆ ಡ್ರೈವರನ್ನೇ ಕರೆಸಿದ್ದರು. ಕೋರ್ಟಿನ ಪಡಸಾಲೆಯಲ್ಲಿ ಎದುರಾದ. "ಅಣ್ಣಾ, ಜಡ್ಜೇ ನನ್ನ ಬಿಟ್ಟಿದ್ದಾರೆ. ಮತ್ತೆ ಯಾಕೆ ಎಳೀತೀರಾ?" ಅಂದ. ಮುಖ ಬಾಡಿತ್ತು. ಅವನ ಜಾಗದಲ್ಲಿ ಯಾರಿದ್ದರೂ ಹಾಗೇ ಕೇಳುತ್ತಿದ್ದರು. ನನಗೆ ಉತ್ತರ ಹೊಳೆಯಲಿಲ್ಲ.

ನಮ್ಮ ವಕೀಲರು ಬಿಡಿಸಿ ಹೇಳಿದರು. ಕ್ರಿಮಿನಲ್ ಕೋರ್ಟಿನಲ್ಲಿ ಪ್ರಶ್ನೆ, ಇವನನ್ನು ಜೈಲಿಗೆ ಕಳಿಸಬೇಕಾ ಅಂತ. ಅಲ್ಲಿ ಸಂಶಯ ಉಳಿದರೆ ಬಿಡಲೇಬೇಕು. ಇಲ್ಲಿ ಕೇಳುವುದು, ಸತ್ತವರ ಮನೆಯವರ ನಷ್ಟ ಯಾರು ತುಂಬಬೇಕು ಅಂತ. ಯಾವ ಮಾತು ಜಾಸ್ತಿ ನಂಬುವ ಹಾಗಿದೆ ಅಂತ ನೋಡಿದರೆ ಸಾಕು. 1980ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆಯಂತೆ. ಬಸ್ಸೊಂದು ಜೋತುಬಿದ್ದ ಹೈಟೆನ್ಷನ್ ತಂತಿಗೆ ತಗುಲಿ 8 ಜನ ಸ್ಥಳದಲ್ಲೇ ಸತ್ತಿದ್ದರು. ಅದು ದೈವಾಧೀನ ಅಂತ ಡ್ರೈವರ್ ಖುಲಾಸೆಯಾಗಿದ್ದ. ಆದರೂ ಪರಿಹಾರದ ಆದೇಶವನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ಪಾಟಿ ಸವಾಲಿನಲ್ಲಿ ವಕೀಲರು ಮಹಜರಿನ ಸ್ಕೆಚ್ ತೋರಿಸಿದರು. ಪೆನ್ಸಿಲ್ಲಿನಲ್ಲಿ ಎಳೆದ ರಸ್ತೆ, ಬೈಕ್ ಬಿದ್ದ ಜಾಗಕ್ಕೊಂದು ಗುಣಿಸು ಗುರುತು, ನಡುಗೆರೆ ದಾಟಿದ ಟೈರ್ ಗುರುತು.

"ಇದು ನಿಮ್ಮ ಲಾರಿದೇ ಅಲ್ವಾ?"

"ಹೌದು ಸಾರ್. ಟ್ರ್ಯಾಕ್ಟರ್ ಓವರ್‌ಟೇಕ್ ಮಾಡ್ತಿದ್ದೆ."

ಅಕ್ಕ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಕ್ರಿಮಿನಲ್ ಕೇಸಿನಲ್ಲಿ ಅವನು ಬಾಯಿ ಬಿಡಬೇಕಿರಲಿಲ್ಲ. ಆರೋಪಿಗೆ ಸುಮ್ಮನಿರುವ ಹಕ್ಕಿದೆ, ಅಂಥ ಹಕ್ಕು ಇರಲೇಬೇಕು. ಆದರೆ ಆ ಹಕ್ಕು ಅವನನ್ನು ಜೈಲಿನಿಂದ ಕಾಯೋಕೆ. ಅಕ್ಕನ ಮಕ್ಕಳ ಸ್ಕೂಲ್ ಫೀಸಿಗೆ ಅಡ್ಡ ನಿಲ್ಲೋಕಲ್ಲ. ಕ್ಲೇಮ್ ಕೇಸನ್ನು ಎರಡನೇ ಶಿಕ್ಷೆ ಅನ್ನುವವರು ಗಂಡ ಸತ್ತ ಮನೆಯನ್ನು ಒಮ್ಮೆ ಹೊಕ್ಕು ನೋಡಬೇಕು.

ಪರಿಹಾರ ಮಂಜೂರಾಯಿತು. ಒಂದು ಭಾಗ ಮಕ್ಕಳ ಹೆಸರಲ್ಲಿ ಎಫ್‌ಡಿ ಇಡಲು ಆದೇಶವಾಯಿತು. ಹಣ ಕಟ್ಟಿದ್ದು ಇನ್ಶೂರೆನ್ಸ್ ಕಂಪನಿ. ಲಾರಿಗೆ ಇನ್ಶೂರೆನ್ಸ್ ಇಲ್ಲದಿದ್ದರೆ ಮಾತ್ರ ಕಷ್ಟ ಆಗುತ್ತಿತ್ತು. ಆಗ ಹೊರೆ ಮಾಲೀಕನ ಜೊತೆ ಡ್ರೈವರ್ ತಲೆ ಮೇಲೂ ಬರುತ್ತದೆ, ಮಾಲೀಕ ಕೈ ಎತ್ತಿದರೆ ದಿನಗೂಲಿಯವನು ಎಲ್ಲಿಂದ ತರುತ್ತಾನೆ? ಇನ್ಶೂರೆನ್ಸ್ ಕಡ್ಡಾಯ ಅಂತ ಕಾನೂನಿದ್ದರೂ ಹಾಗೇ ಗಾಡಿ ರಸ್ತೆಗಿಳಿಸುವ ಮಾಲೀಕರ ಮೇಲೆ ನನಗೆ ಆ ಡ್ರೈವರ್ ಮೇಲಿಗಿಂತ ಜಾಸ್ತಿ ಸಿಟ್ಟಿದೆ.