'ಬಾ' ಎಂಬ ಒಂದಕ್ಷರ

ಹೊಸ್ತಿಲಲ್ಲಿ ನಿಂತವರನ್ನು ನಾವು ಒಳಗೆ ಕರೆಯುವ 'ಬಾ' ಗುಜರಾತಿಯಲ್ಲಿ ತಾಯಿಯಾಗುತ್ತದೆ. ಕಸ್ತೂರಬಾ ಗಾಂಧಿಯವರನ್ನು ಜನ 'ಬಾ' ಎಂದೇ ಗೌರವದಿಂದ ಕರೆದರು. ಚೀನಾದ ಮ್ಯಾಂಡರಿನ್ ಭಾಷೆಯಲ್ಲಿ ದನಿಯನ್ನು ಎತ್ತರದಲ್ಲಿ ಸಮನಾಗಿ ಹಿಡಿದರೆ ಅದು ಎಂಟು, ಮೇಲಿನಿಂದ ಥಟ್ಟನೆ ಇಳಿಸಿದರೆ ಅಪ್ಪ. ವಿಯೆಟ್ನಾಮಿನವರಿಗೆ ಮೂರು. ನನಗೆ ಎಲ್ಲಕ್ಕಿಂತ ಪ್ರಿಯವಾದುದು ಪ್ರಾಚೀನ ಈಜಿಪ್ಟಿನ 'ಬಾ': ಮನುಷ್ಯನ ತಲೆಯುಳ್ಳ ಹಕ್ಕಿಯಾಗಿ ಅವರು ಚಿತ್ರಿಸುತ್ತಿದ್ದ, ಸತ್ತ ಮೇಲೂ ಸಮಾಧಿಯಿಂದ ಹೊರಗೆ ಹಾರಿಹೋಗಿ ದೇಹಕ್ಕೆ ಮರಳಬಲ್ಲ ಆತ್ಮದ ಒಂದು ಅಂಶ. ತುಟಿ ಸೇರಿಸಿ ಬಾಯಿ ತೆರೆದರೆ ಸಾಕು, ಹಸುಳೆಗೂ ಒದಗುವ ಈ ದನಿಯನ್ನು ಆಯಾ ಜನ ತಮ್ಮ ತಮ್ಮ ಅರ್ಥಕ್ಕೆ ಒಗ್ಗಿಸಿಕೊಂಡಿರುವುದು ಎಷ್ಟು ಸೊಗಸು! ನಮ್ಮ 'ಬಾ'ಗೆ ನಿಜವಾದ ಒಡಹುಟ್ಟು ತಮಿಳಿನ 'ವಾ'. ಪದದ ಮೊದಲಿನ ವಕಾರವು ಕನ್ನಡದಲ್ಲಿ ಬಕಾರವಾಗುವುದರಿಂದ ಅವರ 'ವೇರ್' ನಮ್ಮಲ್ಲಿ 'ಬೇರು' ಆಗಿದೆ, 'ವಾಯ್' 'ಬಾಯಿ' ಆಗಿದೆ.